ಗ್ರಾಫಿನಲ್ಲಿ ಕಾಣೆಯಾದ ಮೂರು ಗಂಟೆ: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ನಿಮ್ಮ ಸರ್ವರ್ ರೂಮಿನಲ್ಲಿ ನಾವು ಇಟ್ಟಿರುವ ಪುಟ್ಟ ಪೆಟ್ಟಿಗೆಯ ಸೆಟ್ಟಿಂಗ್ ಈ ತಿಂಗಳು ಬದಲಾಯಿಸುತ್ತಿದ್ದೇವೆ. ಯಾಕೆ ಅಂತ ನೀವು ಕೇಳುವ ಮೊದಲೇ ಹೇಳಬೇಕು. ತಪ್ಪು ನಮ್ಮದು.

ಆ ಪೆಟ್ಟಿಗೆಯಲ್ಲಿ ಓಡುವುದು ಝಾಬಿಕ್ಸ್ ಪ್ರಾಕ್ಸಿ ಅನ್ನುವ ನಿಗಾ ಸಾಫ್ಟ್‌ವೇರ್. ನಿಮ್ಮ ಸರ್ವರ್, ಸ್ವಿಚ್, ಯುಪಿಎಸ್ ಹೇಗಿವೆ ಅಂತ ನೋಡಿ, ನಮ್ಮ ಮುಖ್ಯ ಸರ್ವರಿಗೆ ಕಳಿಸುವುದು ಅದರ ಕೆಲಸ. ಇಂಟರ್‌ನೆಟ್ ಹೋದರೆ ಮಾಹಿತಿ ಕೂಡಿಟ್ಟುಕೊಂಡು, ಲೈನ್ ಬಂದ ಮೇಲೆ ಕಳಿಸುತ್ತದೆ. ಆದರೆ ನಾವಾಗಿ ಬದಲಿಸದಿದ್ದರೆ ಒಂದು ಗಂಟೆಯದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹಳೆಯದನ್ನು ಅಳಿಸಿಬಿಡುತ್ತದೆ. ನಾವು ಬದಲಿಸಿರಲಿಲ್ಲ.

ಹೋದ ಮಳೆಗಾಲದಲ್ಲಿ ಮಲೆನಾಡಿನ ಒಬ್ಬ ಗ್ರಾಹಕರ ಕಡೆ ಮರ ಬಿದ್ದು ಕೇಬಲ್ ತುಂಡಾಯಿತು. ಸಂಜೆ 7ರಿಂದ ರಾತ್ರಿ 11ರವರೆಗೆ ಲೈನ್ ಇಲ್ಲ. ಎಸಿಯೂ ಕೆಟ್ಟಿತ್ತಂತೆ. ‘ಆಗ ಸರ್ವರ್ ರೂಮ್ ಎಷ್ಟು ಬಿಸಿಯಾಗಿತ್ತು?’ ಅಂತ ಮಾರನೇ ದಿನ ಕೇಳಿದರು. ಗ್ರಾಫ್ ತೆರೆದರೆ ಗೆರೆ 7ಕ್ಕೆ ನಿಂತು 10ಕ್ಕೆ ಮತ್ತೆ ಶುರುವಾಗಿತ್ತು. ಅವರಿಗೆ ಬೇಕಾಗಿದ್ದ ಮೂರು ಗಂಟೆಯೇ ನಮ್ಮಲ್ಲಿ ಇರಲಿಲ್ಲ. ಅದು ಇನ್ನು ಸಿಗುವುದೂ ಇಲ್ಲ. ಇದಕ್ಕೆ ಮನಸ್ಸಿನಿಂದ ಕ್ಷಮೆ ಕೇಳುತ್ತೇವೆ. ಇನ್ನು ಮುಂದೆ ಎಲ್ಲ ಪೆಟ್ಟಿಗೆಗಳೂ 72 ಗಂಟೆಯ ಮಾಹಿತಿ ಕೂಡಿಡುತ್ತವೆ. ಮಳೆಗಾಲದಲ್ಲಿ ಲೈನ್ ಸರಿಹೋಗಲು ಎರಡು ದಿನ ಹಿಡಿಯುವುದು ನಮಗೆ ಹೊಸದೇನಲ್ಲ ಅಲ್ವಾ?

ಇನ್ನೊಂದು ಕಚೇರಿಯಲ್ಲಿ ಮಾಹಿತಿ ಬರುತ್ತಲೇ ಇತ್ತು, ಗ್ರಾಫ್ ಮಾತ್ರ ಖಾಲಿ. ಎರಡು ದಿನ ಸುಮ್ನೆ ಫೈರ್‌ವಾಲ್‌ನಲ್ಲಿ (ನೆಟ್‌ವರ್ಕಿನ ಕಾವಲು ವ್ಯವಸ್ಥೆ) ತಪ್ಪು ಹುಡುಕಿದೆವು. ಕೊನೆಗೆ ನೋಡಿದರೆ, ಕರೆಂಟ್ ಇಲ್ಲದಾಗ ಪೆಟ್ಟಿಗೆಯ ಗಡಿಯಾರ ನಡೆಸುವ ಸಿಆರ್2032 ಬಟನ್ ಸೆಲ್ ಸತ್ತಿತ್ತು. ಕರೆಂಟ್ ಹೋಗಿ ಬಂದಾಗ ಗಡಿಯಾರ ಹಿಂದಕ್ಕೆ ಹೋಗಿ, ಇವತ್ತಿನ ಲೆಕ್ಕವೆಲ್ಲ ಹಳೆಯ ತಾರೀಖಿಗೆ ಬಿದ್ದಿತ್ತು. ಹಾಗಾಗಿ ಎಲ್ಲ ಕಡೆ ಹೊಸ ಸೆಲ್ ಹಾಕುತ್ತೇವೆ. ಗಡಿಯಾರವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಜೋಡಿಸುತ್ತೇವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶ ಹೇಳುವ ಸಮಯದ ಮೂಲಗಳಲ್ಲಿ ಇದೂ ಒಂದು. ಸಮಯ ಸರಿಯಾಗುವವರೆಗೆ ಪೆಟ್ಟಿಗೆ ಮಾಹಿತಿ ಕಳಿಸಲು ಶುರುಮಾಡುವುದಿಲ್ಲ. ಆದ್ದರಿಂದ ಕರೆಂಟ್ ಬಂದ ಕೂಡಲೇ ಗ್ರಾಫ್ ಕಾಣದಿದ್ದರೆ ಸ್ವಲ್ಪ ಹೊತ್ತು ಕಾಯಿರಿ.

ಕೆಲಸಕ್ಕೆ ಸುಮಾರು ಅರ್ಧ ಗಂಟೆ ಸಾಕು. ನಿಮ್ಮ ಸರ್ವರ್ ನಿಲ್ಲಿಸಬೇಕಿಲ್ಲ, ಜಾಸ್ತಿ ದುಡ್ಡೂ ಕೊಡಬೇಕಿಲ್ಲ. ಒಂದೇ ಕೋರಿಕೆ: ಫೈರ್‌ವಾಲ್ ಬದಲಿಸುವಾಗ ಹೊರಗೆ ಹೋಗುವ 10051 ಪೋರ್ಟ್ ಮುಚ್ಚಬೇಡಿ; ಪೆಟ್ಟಿಗೆ ನಮಗೆ ಮಾಹಿತಿ ಕಳಿಸುವ ದಾರಿ ಅದೇ. ಬರುವ ಹಿಂದಿನ ದಿನ ಫೋನ್ ಮಾಡುತ್ತೇವೆ.

ಇಂತಿ,
ನಿಮ್ಮ ಸರ್ವರ್ ನಿಗಾ ತಂಡ