ಬಾಣಕ್ಕೆ ಮುಂಚಿನ 13 ವರ್ಷಗಳು

ಪ್ರಿಯ ಮಿತ್ರರೇ,

ಚೀನಾದ ಝೌ ವಂಶದ ಹುವಾನ್ ರಾಜನನ್ನು ಕುರಿತ ನಿಮ್ಮ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿದೆ. ಕ್ರಿ.ಪೂ. 707ರ ಶುಗೆ ಯುದ್ಧದಲ್ಲಿ ಝೆಂಗ್ ರಾಜ್ಯದ ಝು ದಾನ್ ಬಿಟ್ಟ ಬಾಣ ದೊರೆಯ ಭುಜಕ್ಕೆ ನಾಟುವ ಕ್ಷಣದಿಂದಲೇ ನೀವು ಕಥೆ ಆರಂಭಿಸಿದ್ದೀರಿ. ಓದುಗರನ್ನು ಹಿಡಿದು ಕೂರಿಸುವ ಆರಂಭವೇನೋ ಹೌದು, ಆದರೆ ಅಷ್ಟು ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿಹೋಗಿರುತ್ತದೆ. ದೇವಪುತ್ರನೆನಿಸಿಕೊಂಡ ದೊರೆಯ ಮೇಲೆ ಬಾಣ ಹೂಡುವ ಧೈರ್ಯ ಸಾಮಂತನ ಕಡೆಯವನೊಬ್ಬನಿಗೆ ಎಲ್ಲಿಂದ ಬಂತು ಎಂಬುದೇ ನಿಮ್ಮ ವಸ್ತು.

ಆದ್ದರಿಂದ ಹಿಂದಕ್ಕೆ ಹೋಗಿ. ಹುವಾನನ ತಾತ ಪಿಂಗ್ ರಾಜ ಕ್ರಿ.ಪೂ. 770ರಲ್ಲಿ ರಾಜಧಾನಿಯನ್ನು ಪೂರ್ವಕ್ಕೆ, ಇಂದಿನ ಲುವೊಯಾಂಗ್ ಪ್ರದೇಶಕ್ಕೆ, ತಂದಾಗ ಬೆನ್ನಿಗೆ ನಿಂತವರಲ್ಲಿ ಝೆಂಗ್ ಮನೆತನವೂ ಒಂದು. ಅದು ರಾಜವಂಶದ್ದೇ ಕವಲು; ಆಸ್ಥಾನದ ಮಂತ್ರಿಪದವಿಯೂ ಅದರದೇ. ಆ ಅಧಿಕಾರದಲ್ಲಿ ಗುವೊ ರಾಜ್ಯದ ಒಡೆಯನಿಗೂ ಪಾಲು ಕೊಡುವ ಸೂಚನೆ ಕಂಡು ಝೆಂಗ್‌ನ ಒಡೆಯ ಝುವಾಂಗ್ ಮುನಿಸಿಕೊಂಡಾಗ, ಪಿಂಗ್ ರಾಜ ಅಂಥದ್ದೇನೂ ಇಲ್ಲವೆಂದು ಸಮಾಧಾನ ಹೇಳಿ, ತನ್ನ ಮಗನನ್ನೇ ಒತ್ತೆಯಾಗಿ ಕಳುಹಿಸಿ, ಝುವಾಂಗನ ಮಗನನ್ನು ಒತ್ತೆಯಾಗಿ ಪಡೆದ. ಒಡೆಯನೂ ಆಳೂ ಸರಿಸಮಾನರಂತೆ ಮಕ್ಕಳನ್ನು ಅದಲು ಬದಲು ಮಾಡಿಕೊಂಡ ಆ ದಿನ ಆಸ್ಥಾನದ ಹಿರಿಯರು ಒಬ್ಬರ ಮುಖವನ್ನೊಬ್ಬರು ಹೇಗೆ ನೋಡಿರಬಹುದು? ಒಂದು ಇಡೀ ಅಧ್ಯಾಯ ಅಲ್ಲಿದೆ, ನೀವು ಅದನ್ನು ಒಂದು ವಾಕ್ಯದಲ್ಲಿ ದಾಟಿದ್ದೀರಿ.

ಪಿಂಗ್ ತೀರಿಕೊಂಡ ಕ್ರಿ.ಪೂ. 720ರಲ್ಲಿ ಗುವೊ ಒಡೆಯನ ಮಾತು ಮತ್ತೆ ಎದ್ದಿತು. ಕೂಡಲೇ ಝೆಂಗ್‌ನ ಮಂತ್ರಿ ಝಾಯ್ ಜು ಸೇನೆಯೊಡನೆ ಬಂದು ವೆನ್ ಎಂಬಲ್ಲಿಯ ಗೋಧಿಯನ್ನು ಕೊಯ್ದುಕೊಂಡು ಹೋದ. ಶರತ್ಕಾಲದಲ್ಲಿ ರಾಜಧಾನಿಯ ಹೊಲಗಳ ಪೈರಿಗೂ ಅದೇ ಗತಿಯಾಯಿತು. ಮರುವರ್ಷ ಆಳ್ವಿಕೆ ಆರಂಭಿಸಿದ ಹುವಾನ್ ಇದನ್ನು ಮರೆತಿರಲಾರ. ಕ್ರಿ.ಪೂ. 717ರಲ್ಲಿ ಝುವಾಂಗ್ ದರ್ಶನಕ್ಕೆ ಬಂದಾಗ ದೊರೆ ತಕ್ಕ ಮರ್ಯಾದೆ ತೋರಲಿಲ್ಲ. ಕ್ರಿ.ಪೂ. 712ರಲ್ಲಿ ಅವನಿಂದ ನಾಲ್ಕು ಊರುಗಳ ಭೂಮಿಯನ್ನು ತೆಗೆದುಕೊಂಡು ಬದಲಿಗೆ 12 ಊರುಗಳನ್ನು ಕೊಟ್ಟ. ಆದರೆ ಆ ಹನ್ನೆರಡೂ ಸು ಮನೆತನದವು, ದೊರೆಯ ಹಿಡಿತದಲ್ಲಿ ಇರಲೇ ಇಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಆ ಹನ್ನೆರಡು ಊರುಗಳ ಪಟ್ಟಿಯ ಮೊದಲ ಹೆಸರನ್ನು ಗಮನಿಸಿದ್ದೀರಾ? ವೆನ್. ಎಂಟು ವರ್ಷದ ಹಿಂದೆ ಯಾರು ಗೋಧಿ ಕೊಯ್ದರೋ ಅವರಿಗೇ ಆ ನೆಲವನ್ನು, ಅದೂ ಕಾಗದದ ಮೇಲಷ್ಟೇ ಎಂದು ನಾವು ಇಂದು ಹೇಳುವ ರೀತಿಯಲ್ಲಿ, ದಯಪಾಲಿಸಲಾಯಿತು. ಇಂಥದ್ದು ಕಲ್ಪನೆಗೆ ಹೊಳೆಯುವುದಿಲ್ಲ, ದಾಖಲೆಯನ್ನು ಎರಡು ಸಲ ಓದಿದವರಿಗೆ ಸಿಗುತ್ತದೆ.

ಯುದ್ಧವನ್ನು ಚಿಕ್ಕದಾಗಿಸಿ. ದೊರೆಯ ಕಡೆ ನಿಂತಿದ್ದ, ಮನೆಯ ಕಲಹದಿಂದ ಸೊರಗಿದ್ದ ಚೆನ್ ರಾಜ್ಯದ ತುಕಡಿಯನ್ನು ಝೆಂಗ್‌ನವರು ಮೊದಲು ಹೊಡೆದರು, ಉಳಿದ ಪಡೆಗಳು ಚೆದುರಿದವು; ಓದುಗರಿಗೆ ಇಷ್ಟು ಸಾಕು. ನಿಲ್ಲಬೇಕಾದದ್ದು ಅದರ ನಂತರ. ಗಾಯಗೊಂಡ ದೊರೆಯನ್ನು ಬೆನ್ನಟ್ಟಲು ಝು ದಾನ್ ಅಪ್ಪಣೆ ಕೇಳಿದ, ಝುವಾಂಗ್ ಒಪ್ಪಲಿಲ್ಲ. ದೇವಪುತ್ರನನ್ನು ಅವಮಾನಿಸುವುದುಂಟೇ, ನಮ್ಮ ರಾಜ್ಯ ಉಳಿದರೆ ಸಾಕು ಎಂದ. ನಿಮ್ಮ ಹಸ್ತಪ್ರತಿಯಲ್ಲಿ ಅವನು ಇಲ್ಲಿ ಅಟ್ಟಹಾಸ ಮಾಡುತ್ತಾನೆ. ದಯವಿಟ್ಟು ಅದನ್ನು ಹೊಡೆದುಹಾಕಿ. ಅವನ ವಿನಯ ಅದಕ್ಕಿಂತ ಕ್ರೂರವಾದದ್ದು. ಅದೇ ರಾತ್ರಿ ದೊರೆಯ ಮತ್ತು ಪರಿವಾರದ ಕ್ಷೇಮ ವಿಚಾರಿಸಿಕೊಂಡು ಬರಲು ಅವನು ಕಳುಹಿಸಿದ್ದು ಯಾರನ್ನು? ವೆನ್‌ನ ಗೋಧಿ ಕೊಯ್ದಿದ್ದ ಅದೇ ಝಾಯ್ ಜುವನ್ನು. ದೊರೆಗೂ ಅವನಿಗೂ ನಡುವೆ ಏನು ಮಾತಾಯಿತೆಂದು ಯಾರೂ ಬರೆದಿಟ್ಟಿಲ್ಲ, ಆ ಸಂಭಾಷಣೆ ನೀವು ಬರೆಯಬೇಕಾದದ್ದು. ಲೂ ರಾಜ್ಯದ ವಾರ್ಷಿಕ ದಾಖಲೆಯಂತೂ ಆ ಶರತ್ಕಾಲದಲ್ಲಿ ಚಾಯ್, ವೇ, ಚೆನ್ ಜನರು ದೊರೆಯೊಡನೆ ಝೆಂಗ್ ಮೇಲೆ ದಂಡೆತ್ತಿ ಹೋದರೆಂದಷ್ಟೇ ಹೇಳುತ್ತದೆ. ಸೋಲಿನ ಸುದ್ದಿಯೂ ಇಲ್ಲ, ಭುಜದ ಸುದ್ದಿಯೂ ಇಲ್ಲ.

ಹೊಸ ಕರಡು ಸಿದ್ಧವಾದಾಗ ಕಳುಹಿಸಿ. ರಥಗಳ ವರ್ಣನೆಯನ್ನು ಅರ್ಧ ಪುಟಕ್ಕೆ ಇಳಿಸಿ.

ಇತಿ,
ನಿಮ್ಮ ವಿಶ್ವಾಸಿ