ಹಳೆ ಮೇಜು ಕೊಳ್ಳುವ ಮುಂಚೆ ಡ್ರಾಯರ್ ಎಳೆದು ನೋಡಿ

ಸಂಪಾದಕರೇ,

ಈಗ ಎಲ್ಲರಿಗೂ ಮನೆಯಲ್ಲೊಂದು ‘ಆ್ಯಂಟಿಕ್’ ಬರೆಯುವ ಮೇಜು ಬೇಕು. ಹೋದ ತಿಂಗಳು ನಾನೂ ಒಂದು ಕೊಂಡು ಮೋಸ ಹೋದೆ. ಅಂಗಡಿಯವನು ನೂರೈವತ್ತು ವರ್ಷದ್ದು ಅಂದ. ಮನೆಗೆ ತಂದು ಡ್ರಾಯರ್ ಹೊರಗೆಳೆದರೆ ಒಳಗೆಲ್ಲ ಪ್ಲೈವುಡ್, ಮೂಲೆಗೆ ಸ್ಟಾರ್ ಸ್ಕ್ರೂ! ಆ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ.

ಹಳೆ ಡ್ರಾಯರಿನ ಮೂಲೆಯಲ್ಲಿ ಮರಕ್ಕೆ ಮರ ಹಲ್ಲು ಕಚ್ಚಿಸಿರುತ್ತಾರೆ. ಡವ್‌ಟೈಲ್ ಅಂದರೆ ಅದೇ. ಹಲ್ಲುಗಳು ಸ್ವಲ್ಪ ಏರುಪೇರಾಗಿದ್ದರೆ ಬಡಗಿಯ ಉಳಿ ಕೆಲಸ. ಎಲ್ಲ ಒಂದೇ ಅಳತೆಯಲ್ಲಿದ್ದರೆ ಸಾಮಾನ್ಯವಾಗಿ ಮಷೀನಿನದು.

ಆಕಾರವೂ ಕಾಲ ಹೇಳುತ್ತದೆ, ಅಲ್ವಾ? ನಮ್ಮ ತಾತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಇಳಿಜಾರು ಮುಚ್ಚಳದ ಪೆಟ್ಟಿಗೆ ಮುಂದಿಟ್ಟುಕೊಂಡು ಲೆಕ್ಕ ಬರೆಯುತ್ತಿದ್ದರು. ಬ್ರಿಟಿಷರ ಕಚೇರಿಗಳಲ್ಲಿ ಕುರ್ಚಿ, ಎರಡೂ ಪಕ್ಕ ಡ್ರಾಯರ್ ಇರುವ ದೊಡ್ಡ ಮೇಜು. 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ರೋಲ್‌ಟಾಪ್ ಮೇಜು ಜೋರಾಯಿತು. ಅದರ ಮುಚ್ಚಳವನ್ನು ಅಂಗಡಿ ಶಟರಿನ ಹಾಗೆ ಎಳೆದರೆ ಕಾಗದಪತ್ರವೆಲ್ಲ ಒಳಗೆ. ಟೈಪ್‌ರೈಟರ್, ಕಬ್ಬಿಣದ ಫೈಲು ಬೀರು ಬಂದ ಮೇಲೆ ಸಪಾಟು ಮೇಜೇ ಗೆದ್ದಿತು.

ನನ್ನ ಪ್ಲೈವುಡ್ ಮೇಜಿನ ಮೇಲೆ ಈಗ ಮಿಕ್ಸಿ ಕೂತಿದೆ. ತಾತನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದೇನೆ. ಈ ಪತ್ರ ಬರೆದದ್ದು ಅದರ ಮೇಲೇ.

– ನಿವೃತ್ತ ಗುಮಾಸ್ತ, ಮೈಸೂರು