ಸೈಕಲ್ಲಿನ ಗುರುತು

ನಿಟ್ಟುವಳ್ಳಿ, ದಾವಣಗೆರೆ
ಭಾನುವಾರ ರಾತ್ರಿ

ಪ್ರೀತಿಯ ದೋಸ್ತ,

ಸೈಕಲ್ ಕಳುವಾಯಿತು ಅಂತ ನೀನು ಮಾಡಿದ ಫೋನ್ ಇಟ್ಟ ಮೇಲೆ ಊಟ ಸೇರಲಿಲ್ಲ. "ಹೋಗ್ಲಿ ಬಿಡೋ, ಸೈಕಲ್ ತಾನೆ" ಅಂದೆಯಲ್ಲ, ಆ ಮಾತು ನನಗೆ ಹಿಡಿಸಲಿಲ್ಲ. ಬೆಳಿಗ್ಗೆಯಿಂದ ಅಪಾರ್ಟ್‌ಮೆಂಟಿನವರು, ಆಫೀಸಿನವರು ಹೇಳಿ ಹೇಳಿ ನಿನ್ನ ಬಾಯಿಗೂ ಬಂದಿರಬೇಕು. ಬೆಂಗಳೂರಿನ ಆ ಬಸ್ಸು ಲಾರಿಗಳ ನಡುವೆ ದಿನಾ 22 ಕಿಲೋಮೀಟರ್ ತುಳಿದವನು ನೀನು. 2020ರಲ್ಲಿ ಸಿಲ್ಕ್ ಬೋರ್ಡಿನಿಂದಾಚೆ ಹೊರವರ್ತುಲ ರಸ್ತೆಯ ಅಂಚಿಗೆ ಗೂಟ ನೆಟ್ಟು ಸೈಕಲ್ ದಾರಿ ಮಾಡಿದಾಗ, ನೀನು ರಸ್ತೆ ಪಕ್ಕದಲ್ಲೇ ನಿಂತು ನನಗೆ ಫೋನ್ ಮಾಡಿದ್ದೆ: "ನಮಗೂ ಒಂದು ದಾರಿ ಕೊಟ್ರು ಕಣೋ!" ಆಮೇಲೆ ಮೆಟ್ರೋ ಕಾಮಗಾರಿ ಬಂತು, ಆ ದಾರಿ ಹೋಯಿತು. ನೀನು ಮಾತ್ರ ಸೈಕಲ್ ಬಿಡಲಿಲ್ಲ. ಈಗ ಯಾರೋ ಒಂದು ವೈರ್ ಲಾಕ್ ಕತ್ತರಿಸಿದ್ದಕ್ಕೆ ಬಿಡುತ್ತೀಯಾ?

ನಮ್ಮ ಅಪ್ಪಾಜಿ ಸೈಕಲ್ ಕಳುವಾಗಿದ್ದು ನೆನಪಿದೆಯಾ? ನಾವಿಬ್ಬರೂ ಒಳಪೆಡ್ಲು ಕಲಿತದ್ದು ಅದರ ಮೇಲೆಯೇ. ಮಂಡಿಪೇಟೆಯಲ್ಲಿ ದಿನಸಿ ಅಂಗಡಿ ಮುಂದೆ ನಿಲ್ಲಿಸಿ, ಬೇಳೆ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಇಲ್ಲ. ಅವರು ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಮನೆಗೆ ಬಂದು, ಕೈಕಾಲು ತೊಳೆಯದೆ ಕಟ್ಟೆ ಮೇಲೆ ಕೂತುಬಿಟ್ಟರು. ಅವ್ವ ಏನೂ ಕೇಳಲಿಲ್ಲ. ಮಾರನೇ ದಿನದಿಂದ ಮಿಲ್ಲಿಗೆ ನಡಿಗೆ. ಮೊದಲ ಪಾಳಿಗೆ ಒಂದು ಗಂಟೆ ಮುಂಚೆ ಎದ್ದು ಹೊರಡುತ್ತಿದ್ದರು. ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿಬಿಟ್ಟರೆ ಆ ಒಂದು ಗಂಟೆಯೂ ಸಾಲುತ್ತಿರಲಿಲ್ಲ. ತಡವಾದ ದಿನ ಕೂಲಿಗೆ ಕತ್ತರಿ. ಸೈಕಲ್ ಅಂದರೆ ಏನು ಅಂತ ನನಗೆ ತಿಳಿದದ್ದು ಆ ದಿನಗಳಲ್ಲಿ.

ಅದು ಸಿಕ್ಕಿದ್ದು ಹೊಂಡದ ಸರ್ಕಲ್ ಹತ್ತಿರದ ಸೈಕಲ್ ಶಾಪಿನ ಸಾಬರಿಂದ. ಒಬ್ಬ ಹುಡುಗ ಬಣ್ಣ ಹೊಡೆಸಬೇಕು ಅಂತ ತಂದಿದ್ದನಂತೆ. ಸೈಕಲ್ ತೆರಿಗೆಗೆ ಮುನಿಸಿಪಾಲಿಟಿ ಕೊಟ್ಟಿದ್ದ ಹಳೇ ಬಿಲ್ಲೆ ಕಿತ್ತಿತ್ತು, ಬೆಲ್ ಬದಲಾಗಿತ್ತು, ಸೀಟಿನ ಕವರ್ ಬೇರೆ. ಆದರೆ ಕ್ಯಾರಿಯರ್ ಕಾಲಿಗೆ ತಾವೇ ಹಿಂದಿನ ವರ್ಷ ಹಾಕಿದ ವೆಲ್ಡಿಂಗ್ ಅವರ ಕಣ್ಣಿಗೆ ಬಿತ್ತು. ನಾಳೆ ಬಾ ಅಂತ ಹುಡುಗನನ್ನು ಕಳಿಸಿ, ನಮ್ಮ ಮನೆಗೆ ಹೇಳಿಕಳಿಸಿದರು. ಅಪ್ಪಾಜಿ ಟ್ರಂಕಿನಲ್ಲಿಟ್ಟಿದ್ದ ರಸೀದಿ ತಂದು, ಫ್ರೇಮಿನ ನಂಬರ್ ತಾಳೆ ನೋಡಿದರು. ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಬೆಂಗಳೂರಿನಲ್ಲಿ ನಿನ್ನ ಸೈಕಲ್ಲಿನ ಗುರುತು ಹಿಡಿಯುವ ಸಾಬರು ಯಾರಿದ್ದಾರೆ? ಒಂದು ಬಡಾವಣೆಯಲ್ಲಿ ಕದ್ದದ್ದು ಇನ್ನೊಂದು ಬಡಾವಣೆಯಲ್ಲಿ ಮೊಬೈಲಿನ ಜಾಹೀರಾತಿನಲ್ಲಿ ಮಾರಾಟವಾಗುತ್ತದೆ, ಇಲ್ಲವೇ ಬಿಡಿಭಾಗವಾಗಿ ಗುಜರಿ ಸೇರುತ್ತದೆ. ಅಲ್ಲಿ ಸಾಬರ ಕಣ್ಣಿನ ಕೆಲಸವನ್ನು ಕಾಗದವೇ ಮಾಡಬೇಕು. ಅದಕ್ಕೇ ಇಷ್ಟು ಒತ್ತಾಯ ಮಾಡುತ್ತಿದ್ದೇನೆ, ದೂರು ಕೊಡು. ಎರಡು ಪೆಡಲಿನ ನಡುವೆ, ಫ್ರೇಮಿನ ಬುಡದಲ್ಲಿ ನಂಬರ್ ಕೊರೆದಿರುತ್ತಾರೆ. ಅದು ನಿನ್ನ ಬಿಲ್ಲಿನಲ್ಲೂ ಇರಬಹುದು. ಇಲ್ಲದಿದ್ದರೆ ಕೊಂಡ ಅಂಗಡಿಯಲ್ಲಿ ಕೇಳು. ಕಳೆದ ಸಲ ಕೊಂಡಜ್ಜಿ ಕೆರೆಗೆ ಹೋದಾಗ ನಾನು ತೆಗೆದ ಫೋಟೋಗಳಲ್ಲಿ ಹ್ಯಾಂಡಲ್ಲಿನ ಗೀಚು ಚೆನ್ನಾಗಿ ಕಾಣುತ್ತದೆ, ಕಳಿಸುತ್ತೇನೆ.

ಠಾಣೆಯಲ್ಲಿ "ನಮ್ಮ ಸರಹದ್ದಲ್ಲ" ಅಂದರೆ ವಾಪಸ್ ಬರಬೇಡ. ಸರಹದ್ದು ಯಾವುದೇ ಇರಲಿ, ದೂರು ಬರೆದುಕೊಳ್ಳಬೇಕು ಅಂತ 2024ರ ಜುಲೈ 1ರಿಂದ ಬಂದ ಹೊಸ ಕ್ರಿಮಿನಲ್ ಕಾನೂನುಗಳಲ್ಲೇ ಇದೆ. ಎಫ್‌ಐಆರ್ ಪ್ರತಿ ದುಡ್ಡಿಲ್ಲದೆ ಕೊಡಬೇಕು. ನಿನ್ನದು 28,000ದ ಸೈಕಲ್ಲು, ಬಿಲ್ ತೋರಿಸು.

ಬಿಲ್ ಯಾಕೆ ಅಂದರೆ, ಇಲ್ಲಿ ಒಂದು ಸಂಕಟದ ವಿಷಯವಿದೆ. ಅದೇ ಹೊಸ ಕಾನೂನುಗಳಲ್ಲಿ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಕದ್ದವನು ಮೊದಲ ಸಲ ಅಪರಾಧಿ ಅಂತ ತೀರ್ಮಾನವಾದವನಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಅದರ ಬಗ್ಗೆ ನನಗೆ ತಕರಾರಿಲ್ಲ, ಹುಡುಗರು ಜೈಲಿಗೆ ಹೋಗಿ ಹಾಳಾಗುವುದು ಬೇಡ. ಆದರೆ ಅಂಥ ಕಳ್ಳತನವನ್ನು, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧಗಳ ಪಟ್ಟಿಗೆ ಸೇರಿಸಿದ್ದಾರೆ. ಮಂಡಕ್ಕಿ ಭಟ್ಟಿಗೆ ಹೋಗುವವನ, ಬೆಳಗಿನ ಜಾವ ಹಾಲು ಹಾಕುವವನ ಹಳೇ ಸೈಕಲ್ಲು ಎಷ್ಟು ಬಾಳುತ್ತದೆ ಹೇಳು? ಎರಡು ಸಾವಿರ, ಮೂರು ಸಾವಿರ. ಅಪ್ಪಾಜಿಯಂಥವರು ಇವತ್ತು ಠಾಣೆಗೆ ಹೋದರೆ ಕೋರ್ಟಿನ ದಾರಿ ತೋರಿಸಬಹುದು. ಒಂದು ದಿನದ ಕೂಲಿ ಬಿಟ್ಟು ಕೋರ್ಟಿಗೆ ಅಲೆಯುವ ಹಾಗಿದ್ದರೆ ಅವರು ಸೈಕಲ್ ಯಾಕೆ ತುಳಿಯುತ್ತಿದ್ದರು? ಇದನ್ನು ಓದಿಕೊಂಡ ದಿನದಿಂದ ಮನಸ್ಸಿಗೆ ಸಮಾಧಾನವಿಲ್ಲ. ದೂರು ಬರೆಸುವ ತಾಕತ್ತಿರುವ ನೀನೂ ಸುಮ್ಮನಾದರೆ, ಸೈಕಲ್ ಕಳ್ಳತನ ಎಂಬುದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮುಂದಿನ ಸೈಕಲ್ಲಿಗೆ ವೈರ್ ಲಾಕ್ ಬೇಡ, ಸಣ್ಣ ಕಟರಿಗೇ ತುಂಡಾಗುತ್ತದೆ. ಗಟ್ಟಿ ಉಕ್ಕಿನ ಯು-ಲಾಕ್ ತಗೋ. ಮುಂದಿನ ಚಕ್ರಕ್ಕೊಂದಕ್ಕೇ ಹಾಕಿದರೆ ಚಕ್ರ ಬಿಟ್ಟು ಉಳಿದದ್ದನ್ನು ಒಯ್ಯುತ್ತಾರೆ. ಫ್ರೇಮೂ ಹಿಂದಿನ ಚಕ್ರವೂ ಸೇರಿ ನೆಲದಲ್ಲಿ ಹೂತ ಕಂಬಕ್ಕೆ ಬೀಳಬೇಕು. ಬೇಸ್‌ಮೆಂಟಿನ ಮೂಲೆಯಲ್ಲಿ ನಿಲ್ಲಿಸುವ ಬದಲು ಜನ ಓಡಾಡುವ ಕಡೆ ನಿಲ್ಲಿಸು. ನಮ್ಮ ಅಕ್ಕನ ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರಿ ಸೈಕಲ್ ಬಂದಾಗ, ಶಾಲೆ ತುಂಬ ಎಲ್ಲವೂ ಒಂದೇ ಥರ ಅಂತ, ಅವಳು ಉಗುರುಬಣ್ಣದಲ್ಲಿ ಫ್ರೇಮಿನ ಅಡಿಗೆ ಮೂರು ಚುಕ್ಕಿ ಇಟ್ಟಿದ್ದಳು. ಹಾಗೆ ನೀನೂ ಏನಾದರೂ ಗುರುತು ಮಾಡು.

ಹೊಸದು ಕೊಳ್ಳುವ ತನಕ ದುಡ್ಡಿನ ಯೋಚನೆ ಇದ್ದರೆ ನನಗೆ ಹೇಳು, ಸಂಕೋಚ ಬೇಡ. ಅಪ್ಪಾಜಿ ಕೂಡ ಹೇಳಿದರು: "ಅವನಿಗೆ ನಡಿಯೋಕೆ ಬಿಡಬೇಡ." ನಾಳೆ ಠಾಣೆಯಿಂದ ಬಂದ ಕೂಡಲೇ ಫೋನ್ ಮಾಡು. ಎಂಟರ ಮೇಲೆ ಮನೆಯಲ್ಲೇ ಇರುತ್ತೇನೆ.

ನಿನ್ನ ಗೆಳೆಯ